ಇಲ್ಲದ್ದು ಏನು ಮಾಡೀತು?

ಗರ್ಭದಲ್ಲಿ ಏನೂ ನಡೆಯದಿದ್ದರೆ ಹೆಣ್ಣು, ಏನಾದರೂ ನಡೆದರೆ ಗಂಡು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ನಾವು ಓದುವಾಗ ಭ್ರೂಣಶಾಸ್ತ್ರದ ಒಂದಿಡೀ ಅಧ್ಯಾಯ ಕೊನೆಗೆ ಈ ಸಾಲಿಗೆ ಬಂದು ನಿಲ್ಲುತ್ತಿತ್ತು. ಪರೀಕ್ಷೆಯಲ್ಲಿ ಬರೆದರೆ ಅಂಕ ಸಿಗುತ್ತಿತ್ತು. ರಜೆಗೆ ಮೈಸೂರಿಗೆ ಹೋದಾಗ ಇದನ್ನೇ ಸೋದರಮಾವನ ಎದುರು ಹೇಳಿದೆ. ಅವರು ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ನ್ಯಾಯಶಾಸ್ತ್ರ ಓದಿದವರು, ಮನೆತನದಿಂದ ಮಾಧ್ವರು, ಯಾರ ಮಾತನ್ನೂ ಹಾಗೇ ನುಂಗುವವರಲ್ಲ. ಎಲೆಯಡಿಕೆ ಒಂದು ದವಡೆಗೆ ಸರಿಸಿ ಕೇಳಿದರು: "ಏನೂ ನಡೆಯದ್ದರಿಂದ ಒಂದು ಗರ್ಭಕೋಶ ಹುಟ್ಟಿತೇನೋ? ಹಾಗಾದರೆ ನಿನ್ನ ಜೇಬಿನಲ್ಲಿ ಏನೂ ಇಲ್ಲವಲ್ಲ, ಅದರಿಂದ ನೂರು ರೂಪಾಯಿ ಹುಟ್ಟಿಸು, ನೋಡೋಣ."

ನಗೆಯಾಡಿದರೂ ಪ್ರಶ್ನೆಯನ್ನು ಅವರು ಬಿಡಲಿಲ್ಲ. ನನಗೂ ಅದು ಅಂಟಿಕೊಂಡಿತು. ನೌಕರಿಯುದ್ದಕ್ಕೂ ಮದ್ದೂರು, ಮಳವಳ್ಳಿ ಕಡೆಯ ಕೊಟ್ಟಿಗೆಗಳಲ್ಲಿ ಭುಜದವರೆಗೆ ಕೈಗವಸು ಹಾಕಿಕೊಂಡು ಹಸುಗಳ ಗರ್ಭಕೋಶ ತಡವಿದವನು ನಾನು. ಇಲ್ಲದ್ದು ಕೈಗೆ ಹೇಗೆ ಸಿಗುತ್ತದೆ ಎಂದು ಯಾರಾದರೂ ಕೇಳಿದರೆ ಹೇಳಬಲ್ಲೆ.

ವಿಷಯ ಇಷ್ಟು. ಕರುವಾಗಲಿ ಮಗುವಾಗಲಿ, ಭ್ರೂಣ ತೀರ ಎಳೆಯದಾಗಿರುವಾಗ ಅದರೊಳಗೆ ಎರಡು ಜೊತೆ ನಾಳಗಳಿರುತ್ತವೆ. ಒಂದು ಜೊತೆಗೆ ಹದಿನೆಂಟನೇ ಶತಮಾನದ ವೂಲ್ಫ್‌ನ ಹೆಸರು. ಅದು ಉಳಿದರೆ ವೀರ್ಯನಾಳವಾಗುತ್ತದೆ. ಇನ್ನೊಂದಕ್ಕೆ, 1830ರಲ್ಲಿ ಅದನ್ನು ವಿವರಿಸಿದ ಜರ್ಮನಿಯ ಯೋಹಾನೆಸ್ ಮುಲ್ಲರ್‌ನ ಹೆಸರು. ಅದು ಉಳಿದರೆ ಗರ್ಭನಾಳ, ಗರ್ಭಕೋಶ, ಯೋನಿಯ ಮೇಲುಭಾಗ. ಎಕ್ಸ್‌ಎಕ್ಸ್ ಇರಲಿ ಎಕ್ಸ್‌ವೈ ಇರಲಿ, ಮೊದಮೊದಲು ಎರಡೂ ಜೊತೆ ಎಲ್ಲರಲ್ಲೂ ಇರುತ್ತವೆ. ವೈ ವರ್ಣತಂತುವಿನ ಮೇಲಿನ ಎಸ್‌ಆರ್‌ವೈ ಎಂಬ ಜೀನು (ಇದು ಗೊತ್ತಾದದ್ದು 1990ರಲ್ಲಿ) ಕೆಲಸ ಶುರುಮಾಡಿದರೆ ಇನ್ನೂ ಗುರುತಿಲ್ಲದ ಗ್ರಂಥಿ ವೃಷಣದ ದಾರಿ ಹಿಡಿಯುತ್ತದೆ. ಅದರಲ್ಲಿ ಮೊದಲು ಮೂಡುವ ಸರ್ಟೋಲಿ ಕೋಶಗಳು ಒಂದು ಹಾರ್ಮೋನು ಸುರಿಸುತ್ತವೆ: ಆಂಟಿ-ಮುಲೇರಿಯನ್ ಹಾರ್ಮೋನ್, ಚಿಕ್ಕದಾಗಿ ಎಎಂಎಚ್. ಮುಲ್ಲರ್ ನಾಳವನ್ನು ಇಲ್ಲವಾಗಿಸುವುದು ಅದರ ಕೆಲಸ. ಮನುಷ್ಯ ಭ್ರೂಣದಲ್ಲಿ ಎಂಟನೇ ವಾರದ ಹೊತ್ತಿಗೆ ಶುರುವಾಗಿ ಒಂದೆರಡು ವಾರದಲ್ಲಿ ಮುಗಿದುಹೋಗುವ ಕೆಲಸ. ಆ ಗಡುವು ಮೀರಿದ ಮೇಲೆ ಹಾರ್ಮೋನು ಎಷ್ಟೇ ಬಂದರೂ ನಾಳ ಕೇಳುವುದಿಲ್ಲ.

ಇಲ್ಲದಂತೆ ಮಾಡುವುದೂ ಎಷ್ಟು ಮೈಗೆಲಸ ನೋಡಿ. ಎಎಂಎಚ್‌ನ ಜೀನು ಮನುಷ್ಯರಲ್ಲಿ ಹತ್ತೊಂಬತ್ತನೆಯ ವರ್ಣತಂತುವಿನ ಮೇಲಿದೆ. ಅದನ್ನು ಹಿಡಿದುಕೊಳ್ಳುವ ಗ್ರಾಹಿಯ ಜೀನು ಹನ್ನೆರಡನೆಯದರ ಮೇಲೆ. ಅಂದರೆ ಹೇಳುವ ಬಾಯಿಯಾಗಲಿ ಕೇಳುವ ಕಿವಿಯಾಗಲಿ ವೈ ಮೇಲೂ ಇಲ್ಲ, ಎಕ್ಸ್ ಮೇಲೂ ಇಲ್ಲ. ಗಂಡು ಹೆಣ್ಣು ಇಬ್ಬರಿಗೂ ತಂದೆತಾಯಿಯಿಂದ ಸಮವಾಗಿ ಬಂದವು. ಇನ್ನೂ ವಿಚಿತ್ರವೆಂದರೆ ಆ ಕಿವಿ ಸಾಯಬೇಕಾದ ನಾಳದ ಒಳಪದರದಲ್ಲಿಲ್ಲ, ಅದರ ಸುತ್ತಲಿನ ಸಡಿಲ ಅಂಗಾಂಶದಲ್ಲಿದೆ. ಹಾರ್ಮೋನು ಅಲ್ಲಿ ಬಂದು ಕೂತರೆ ಗ್ರಾಹಿ ಇನ್ನೊಂದು ಜಾತಿಯ ಗ್ರಾಹಿಯನ್ನು ಜೊತೆಗೆ ಸೇರಿಸಿಕೊಳ್ಳುತ್ತದೆ. ಅವೆರಡೂ ಸೇರಿ ಕೋಶದೊಳಗಿನ ಸ್ಮ್ಯಾಡ್ ಎಂಬ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುತ್ತವೆ. ಅವು ಕೋಶಕೇಂದ್ರಕ್ಕೆ ಹೋಗಿ ಜೀನುಗಳನ್ನು ಎಬ್ಬಿಸುತ್ತವೆ. ಆಮೇಲೆ ಆ ನೆರೆಯ ಅಂಗಾಂಶ ನಾಳವನ್ನು ಕರಗಿಸುತ್ತದೆ. ಆ ನೆರೆಗೆ ಕಿವಿ ಬರಿಸುವುದು ಯಾರು? ನಾಳವೇ. ಅದರ ಒಳಪದರ ಹೊರಬಿಡುವ ಡಬ್ಲ್ಯುಎನ್‌ಟಿ7ಎ ಎಂಬ ಇನ್ನೊಂದು ಸಂದೇಶ ಇಲ್ಲದ ಗಂಡು ಇಲಿಗಳಲ್ಲಿ ಗ್ರಾಹಿ ಮೂಡುವುದಿಲ್ಲ, ನಾಳ ಹಾಗೇ ಉಳಿಯುತ್ತದೆ. ತನ್ನ ಮರಣಶಾಸನ ಓದಿಸಿಕೊಳ್ಳಲು ತಾನೇ ನೆರೆಹೊರೆಯನ್ನು ಸಿದ್ಧಮಾಡಿ ಕೂರುವ ನಾಳ!

ಇದೆಲ್ಲ ತಿಳಿಯುವ ಎಷ್ಟೋ ಮೊದಲು, 1947ರಲ್ಲಿ, ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಜೋಸ್ಟ್ ಎಂಬವರು ತಾಯಿಮೊಲದ ಹೊಟ್ಟೆಯಲ್ಲಿದ್ದ ಮರಿಗಳ ಬೀಜ ತೆಗೆದು, ಮತ್ತೆ ಹೊಲಿದು, ಬೆಳೆಯಲು ಬಿಟ್ಟರು. ಗಂಡಾಗಬೇಕಿದ್ದ ಮರಿಗಳಲ್ಲೂ ಗರ್ಭಕೋಶ ಬೆಳೆಯಿತು. ಟೆಸ್ಟೋಸ್ಟಿರಾನ್ ಇಟ್ಟು ನೋಡಿದರು. ವೂಲ್ಫ್ ನಾಳ ಉಳಿಯಿತು, ಆದರೆ ಗರ್ಭಕೋಶ ಹೋಗಲಿಲ್ಲ. ಬೀಜದಿಂದ ಎರಡನೆಯದೊಂದು ವಸ್ತು ಬರುತ್ತಿರಬೇಕು ಎಂದು ತರ್ಕಿಸಿದರು. ಆ ವಸ್ತುವಿನ ಜೀನು ಕೈಗೆ ಸಿಗಲು 1986 ಬರಬೇಕಾಯಿತು. ಜೋಸ್ಟ್‌ರ ಗರಡಿಯಲ್ಲಿ ಪಳಗಿದ ನಥಾಲಿ ಜೋಸೋ ಅವರ ಬಾಳಿನ ಕೆಲಸವೇ ಇದು. ಹಾರ್ಮೋನನ್ನು ಶುದ್ಧವಾಗಿ ತೆಗೆಯಲು ಬಳಸಿದ್ದು ಎಳೆಗರುಗಳ ಬೀಜ ಎಂಬುದು ನನ್ನಂಥ ದನದ ಡಾಕ್ಟರಿಗೆ ಸಣ್ಣ ಹೆಮ್ಮೆ.

ಪಠ್ಯಪುಸ್ತಕದ ಆ ಸಾಲು ಹುಟ್ಟಿದ್ದು ಜೋಸ್ಟ್‌ರ ಮೊಲಗಳಿಂದ. ಬೀಜ ತೆಗೆದರೆ ಹೆಣ್ಣಿನ ಅಂಗ; ಆದ್ದರಿಂದ ಹೆಣ್ಣೆಂದರೆ ಸುಮ್ಮನೆ ಬಿಟ್ಟರೆ ಆಗುವುದು. ಪ್ರಯೋಗ ಅಪ್ಪಟ. ಆದರೆ "ಆದ್ದರಿಂದ" ಎಂದು ಹಾರಿದೆವಲ್ಲ, ಆ ಹಾರಿಕೆಯನ್ನೇ ಮಾವ ಹಿಡಿದದ್ದು.

ಅವರ ಶಾಸ್ತ್ರದಲ್ಲಿ ಇದಕ್ಕೆ ಹಳೆಯ ಜಗಳವೊಂದಿದೆ. ಬೆಂಕಿ ಸುಡುತ್ತದೆ. ಪಕ್ಕದಲ್ಲಿ ಚಂದ್ರಕಾಂತ ಮಣಿ ಇಟ್ಟರೆ ಸುಡುವುದಿಲ್ಲ, ತೆಗೆದರೆ ಮತ್ತೆ ಸುಡುತ್ತದೆ ಎಂದಿಟ್ಟುಕೊಳ್ಳಿ. ಅಂಥ ಮಣಿ ನಿಜವಾಗಿ ಉಂಟೋ ಇಲ್ಲವೋ, ವಾದಕ್ಕೆ ಅದು ಬೇಕಿಲ್ಲ. ಮೀಮಾಂಸಕರು ಹೇಳುತ್ತಾರೆ: ಬೆಂಕಿಯಲ್ಲಿ ಸುಡುವ ಶಕ್ತಿ ಎಂಬುದೊಂದು ಬೇರೆಯೇ ಇದೆ, ಮಣಿ ಅದನ್ನು ಕುಂದಿಸುತ್ತದೆ. ನೈಯಾಯಿಕರು ಹೇಳುತ್ತಾರೆ: ಕಣ್ಣಿಗೆ ಕಾಣದ ಶಕ್ತಿ ಯಾಕೆ? ಮಣಿ ಪ್ರತಿಬಂಧಕ, ಪ್ರತಿಬಂಧಕದ ಅಭಾವವೂ ಸುಡುವುದಕ್ಕೆ ಒಂದು ಕಾರಣ ಎಂದರೆ ಸಾಕು. ಇರುವುದು ಕಾರಣವಾಗುವಂತೆ ಇಲ್ಲದಿರುವುದೂ ಕಾರಣವಾಗಬಹುದು ಎಂದು ಹತ್ತನೇ ಶತಮಾನದ ಉದಯನಾಚಾರ್ಯರು ವಾದಿಸಿದ್ದು ನ್ಯಾಯಕುಸುಮಾಂಜಲಿಯಲ್ಲಿ. ಅದು ದೇವರಿದ್ದಾನೆಂದು ಸಾಧಿಸಲು ಬರೆದ ಗ್ರಂಥ. ಅದರಲ್ಲೂ ಈ ಬೆಂಕಿ-ಮಣಿಯ ವಾದ ಬರುವುದು ಅದೃಷ್ಟ, ಎಂದರೆ ಕರ್ಮದ ಕಾಣದ ಶೇಷ, ಉಂಟೆಂದು ಸ್ಥಾಪಿಸುವ ಮೊದಲ ಸ್ತಬಕದಲ್ಲಿ. ಬೆಂಕಿಯ ಜಾಗದಲ್ಲಿ ಮುಲ್ಲರ್ ನಾಳ, ಮಣಿಯ ಜಾಗದಲ್ಲಿ ಎಎಂಎಚ್ ಇಟ್ಟು ನೋಡಿದರೆ ನಮ್ಮ ಪಠ್ಯಪುಸ್ತಕ ಒಳ್ಳೆಯ ನೈಯಾಯಿಕನ ಹಾಗೆ ಮಾತಾಡುತ್ತಿದೆ ಅನ್ನಿಸುತ್ತದೆ. ಹಾಗನ್ನಿಸುವುದಷ್ಟೆ, ನೈಯಾಯಿಕ ಅಭಾವವನ್ನು ಕಾರಣಗಳಲ್ಲಿ ಒಂದು ಎಂದ. ಅದೊಂದೇ ಕಾರಣ, ಬೆಂಕಿಯೂ ಬೇಡ ಎಂದು ಅವನು ಹೇಳಲಿಲ್ಲ.

ಈಗ ಒಂದು ಕಡಸಿನ ಮಾತು. ಮದ್ದೂರು ಕಡೆಯ ಒಬ್ಬ ರೈತನ ಸೀಮೆಹಸು ಅವಳಿ ಕರು ಹಾಕಿತ್ತು, ಒಂದು ಹೋರಿ, ಒಂದು ಹೆಣ್ಣು. ಹೋರಿಯನ್ನು ಮಾರಿದ. ಹೆಣ್ಣನ್ನು ಮುತುವರ್ಜಿಯಿಂದ ಸಾಕಿದ. ಡೈರಿಯಿಂದ ಹಿಂಡಿ, ಖನಿಜಮಿಶ್ರಣ ತಂದು ಹಾಕಿದ. ಮೈಕೈ ತುಂಬಿಕೊಂಡು ಬೆಳೆಯಿತು, ಆದರೆ ಬೆದೆಗೆ ಬರಲಿಲ್ಲ. ನನಗೆ ಹೇಳಿಕಳಿಸಿದ. ನೋಡಿದ ಕೂಡಲೇ ಸಂಶಯ ಬಂತು: ಮೊಲೆತೊಟ್ಟು ಬೆಳೆದಿಲ್ಲ, ಹೊರದ್ವಾರ ಸಣ್ಣದು, ಅದರ ಕೆಳತುದಿಯಲ್ಲಿ ಕೂದಲ ಕುಚ್ಚು. ಕೈ ಹಾಕಿದೆ. ಕಿಬ್ಬೊಟ್ಟೆಯ ಮೂಳೆಯ ಮೇಲೆ ಗರ್ಭಕೊರಳು ಗಟ್ಟಿಯಾಗಿ ಬೆರಳಿಗೆ ಸಿಗಬೇಕು, ಅಲ್ಲಿಂದ ಮುಂದೆ ಎರಡು ಕೊಂಬುಗಳು ಸುರುಳಿಯಾಗಿ ಕವಲೊಡೆಯಬೇಕು, ಅವುಗಳ ತುದಿಯ ಬಳಿ ಅಂಡಾಶಯ. ಎಡಕ್ಕೆ ತಡವಿದೆ, ಬಲಕ್ಕೆ ತಡವಿದೆ. ಒಂದು ದಾರದಂಥ ಎಳೆ ಬಿಟ್ಟರೆ ಏನೂ ಇಲ್ಲ.

ಇಲ್ಲ ಎಂಬ ಜ್ಞಾನ ಹೇಗೆ ಬರುತ್ತದೆ ಎಂದು ಕುಮಾರಿಲಭಟ್ಟರ ಮೀಮಾಂಸೆ ಒಂದು ಪ್ರಮಾಣವನ್ನೇ ಇಟ್ಟುಕೊಂಡಿದೆ, ಅನುಪಲಬ್ಧಿ. ಸುಮ್ಮನೆ ಸಿಗದಿದ್ದರೆ ಸಾಲದು. ಇದ್ದಿದ್ದರೆ ಸಿಕ್ಕೇ ಸಿಗಬೇಕಾದ ಕಡೆ, ಸಿಗಬೇಕಾದ ರೀತಿಯಲ್ಲಿ ಹುಡುಕಿಯೂ ಸಿಗದಿದ್ದರೆ ಮಾತ್ರ ಅದು ಪ್ರಮಾಣ. ಕತ್ತಲಕೋಣೆಯಲ್ಲಿ ಗಡಿಗೆ ಕಾಣಲಿಲ್ಲ ಎಂದರೆ ಗಡಿಗೆ ಇಲ್ಲ ಎಂದಾಗುವುದಿಲ್ಲ. ಕಾಲೇಜಿನಿಂದ ಆಗತಾನೆ ಬಂದ ಹುಡುಗ ಕೈ ಹಾಕಿ "ಗರ್ಭಕೋಶ ಸಿಗ್ತಿಲ್ಲ" ಅಂದರೆ ಅದು ಅನುಪಲಬ್ಧಿ ಅಲ್ಲ, ಅನನುಭವ. ನೂರಾರು ಹಸು ನೋಡಿದ ಕೈಗೆ ಸಿಗದಿದ್ದಾಗಲಷ್ಟೇ ಅಭಾವಕ್ಕೆ ತೂಕ ಬರುವುದು.

"ಇದರ ಜೊತೆ ಹುಟ್ಟಿದ್ದು ಹೋರೀನಾ?" ಅಂದೆ. "ಹೂಂ ಸಾರ್" ಅಂದ.

ಇಂಥದನ್ನು ಇಂಗ್ಲಿಷರು ಫ್ರೀಮಾರ್ಟಿನ್ ಅನ್ನುತ್ತಾರೆ. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ 1779ರಲ್ಲೇ ಇದರ ಬಗ್ಗೆ ರಾಯಲ್ ಸೊಸೈಟಿಗೆ ಪ್ರಬಂಧ ಕೊಟ್ಟಿದ್ದ. 1916ರಲ್ಲಿ ಷಿಕಾಗೋದ ಫ್ರಾಂಕ್ ಲಿಲ್ಲಿ ಇದರ ಕಾರಣ ವಿವರಿಸಿದ. ಹಸುವಿನ ಹೊಟ್ಟೆಯಲ್ಲಿ ಅವಳಿಗಳ ಮಾಸು ಬಹುಬೇಗ ಒಂದಕ್ಕೊಂದು ಬೆಸೆದುಕೊಳ್ಳುತ್ತದೆ, ರಕ್ತನಾಳಗಳು ಕೂಡಿಬಿಡುತ್ತವೆ. ಹೋರಿಕರುವಿನ ಬೀಜ ಮೊದಲು ಕೆಲಸ ಶುರುಮಾಡುತ್ತದೆ. ಅದರ ಹಾರ್ಮೋನು ಹರಿದು ತಂಗಿಯ ಮೈಗೂ ಬರುತ್ತದೆ. ತಂಗಿಯ ಮುಲ್ಲರ್ ನಾಳದ ಸುತ್ತಲೂ ಅದೇ ಗ್ರಾಹಿ ಕಾದಿದೆ. ಅಣ್ಣನಿಗೆಂದು ಹೊರಟ ಮಾತು ಅವಳ ಕಿವಿಗೂ ಬಿತ್ತು, ಅವಳ ನಾಳವೂ ಕರಗಿತು, ಅಂಡಾಶಯವೂ ಕೆಟ್ಟಿತು. ಹೋರಿಯ ಜೊತೆ ಹುಟ್ಟಿದ ಹೆಣ್ಣುಕರುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೀಗೇ ಆಗುತ್ತವೆ. ಕರುವಾಗಿದ್ದಾಗಲೇ ತೋರಿಸಿದ್ದರೆ ಯೋನಿಯ ಆಳ ನೋಡಿಯೇ ಹೇಳಬಹುದಿತ್ತು. ಎಳೆಗರುವಿನಲ್ಲಿ ಸಲೀಸಾಗಿ ಒಂದು ಗೇಣಿನ ಹತ್ತಿರ ಹೋಗಬೇಕಾದ ಸಲಾಕೆ ಇಂಥದರಲ್ಲಿ ಅರ್ಧಕ್ಕೇ ನಿಲ್ಲುತ್ತದೆ.

ರೈತನ ತಾಯಿ ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತ ಎಲ್ಲ ಕೇಳಿಸಿಕೊಂಡಿತ್ತು. "ಯಾವ ಜನ್ಮದ ಕರ್ಮವೋ" ಅಂತು. ಆಮೇಲೆ ಸಿಪ್ಪೆ ಕೊಡವಿ ಹತ್ತಿರ ಬಂದು, ದನಿ ತಗ್ಗಿಸಿ, "ನಮ್ಮ ಮೊಮ್ಮಗಳೂ ಗಂಡಿನ ಜೊತೆಗೇ ಹುಟ್ದೋಳು ಕಣಪ್ಪಾ. ಅವಳ್ಗೂ ಹಿಂಗೇ ಆಗ್ಬಿಟ್ರೆ?" ಎಂದು ಕೇಳಿತು. ಇಲ್ಲಜ್ಜಿ, ಮನುಷ್ಯರಲ್ಲಿ ಗಂಡು-ಹೆಣ್ಣು ಅವಳಿಯ ಮಾಸುಗಳು ಪಕ್ಕಪಕ್ಕ ಕೂತರೂ ರಕ್ತ ಹೀಗೆ ಬೆರೆಯುವುದಿಲ್ಲ, ಹುಡುಗಿಗೆ ಏನೂ ಆಗಿಲ್ಲ ಎಂದೆ. ಆಡು ಕುರಿಗಳಲ್ಲಿ ಅವಳಿ ಎಷ್ಟು ಸಾಮಾನ್ಯ, ನೀವೇ ನೋಡಿದ್ದೀರಿ, ಅವುಗಳಲ್ಲೂ ಇದು ಅಪರೂಪ ಎಂದೆ. ಕುರಿಯ ಮಾತಿನಿಂದ ಅಜ್ಜಿಗೆ ಹೆಚ್ಚು ಧೈರ್ಯ ಬಂದಂತೆ ಕಂಡಿತು.

ಆದರೆ ಅಜ್ಜಿಯ ಮೊದಲ ಮಾತು, ಕರ್ಮದ್ದು, ನನ್ನ ಜೊತೆ ಬಂತು. ಯಾರ ಕರ್ಮ? ಮಾವನ ಉತ್ತರ ನನಗೆ ಗೊತ್ತಿತ್ತು: ಕಾಣುವ ಕಾರಣಗಳಲ್ಲಿ ಬಿಟ್ಟ ತೂತು ಮುಚ್ಚಲು ಅದೃಷ್ಟವನ್ನು ತರಬಾರದು, ಹೇಗಾಯಿತು ಎಂಬುದಕ್ಕೆ ಮಾಸು, ಹಾರ್ಮೋನು ಸಾಕು, ಇದಕ್ಕೇ ಯಾಕಾಯಿತು ಎಂಬುದಕ್ಕೆ ಮಾತ್ರ ಅದೃಷ್ಟ. ಸರಿ, ಆದರೆ "ಇದು" ಯಾವುದು? 1945ರಲ್ಲಿ ಅಮೆರಿಕದ ರೇ ಓವೆನ್ ಅವಳಿ ದನಗಳ ರಕ್ತ ಪರೀಕ್ಷಿಸಿ, ಒಂದರ ಮೈಯಲ್ಲಿ ಇನ್ನೊಂದರ ರಕ್ತಕೋಶಗಳು ಬದುಕಿಗಂಟಿಕೊಂಡು ಉಳಿದಿರುವುದನ್ನು ತೋರಿಸಿದರು. ಬೇರೆಯವರ ಅಂಗಾಂಶವನ್ನು ಮೈ ಯಾವಾಗ ಸಹಿಸುತ್ತದೆ ಎಂಬ ಆಮೇಲಿನ ಸಂಶೋಧನೆಗೆಲ್ಲ ದಾರಿ ತೆಗೆದದ್ದು ಅದೇ. ಆ ಕಡಸಿನ ರಕ್ತ ತೆಗೆದು ವರ್ಣತಂತು ನೋಡಿದರೆ ಎಕ್ಸ್‌ಎಕ್ಸ್ ಕೋಶವೂ ಸಿಗುತ್ತದೆ, ಎಕ್ಸ್‌ವೈ ಕೋಶವೂ ಸಿಗುತ್ತದೆ. ಪ್ರಯೋಗಾಲಯದಲ್ಲಿ ಫ್ರೀಮಾರ್ಟಿನ್ ಎಂದು ಖಚಿತಪಡಿಸುವುದೇ ಹಾಗೆ. ಮಾರಿಹೋದ ಹೋರಿಯ ರಕ್ತ ಇದರ ಮೂಳೆಯೊಳಗೆ ದಿನವೂ ಹುಟ್ಟುತ್ತಿದೆ. ಒಂದು ಜೀವಕ್ಕೆ ಒಂದು ಶರೀರ, ಆ ಶರೀರ ಆ ಜೀವದ ಕರ್ಮಫಲ ಎಂಬ ಲೆಕ್ಕದಲ್ಲಿ ಈ ಕೋಶಗಳನ್ನು ಯಾರ ಖಾತೆಗೆ ಬರೆಯುವುದು? ಮಾವನಿಗೆ ಹೇಳಿದಾಗ, ಶರೀರ ಭೋಗಕ್ಕೆ ಆಯತನ, ಅದರ ಇಟ್ಟಿಗೆ ಎಲ್ಲಿಂದ ಬಂತೆಂದು ಆತ್ಮ ಕೇಳುವುದಿಲ್ಲ ಎಂದರು. ಒಳ್ಳೆಯ ಉತ್ತರವೇ. ನನಗೆ ಮಾತ್ರ ಸಮಾಧಾನವಾಗಲಿಲ್ಲ. ತಪ್ಪು ಮಾಡದ ಅಣ್ಣ, ತಪ್ಪು ಮಾಡದ ತಂಗಿ, ಇಬ್ಬರ ನಡುವೆ ಒಂದು ರಕ್ತನಾಳ. ಇದರಲ್ಲಿ ಪಾಪಪುಣ್ಯ ಹುಡುಕುವುದೇ ಬೇಡ ಎಂಬ ಕಡೆಗೆ ನಾನು ವಾಲಿದ್ದೇನೆ.

ಅಂದೇ ಇನ್ನೊಂದು ತಕರಾರೂ ನಡೆಯಿತು. ಕಡಸು ಗಬ್ಬವಾಗುವುದಿಲ್ಲ, ಹಾಲು ಕೊಡುವುದಿಲ್ಲ ಎಂದು ತಿಳಿದ ರೈತ, "ಹಂಗಾದ್ರೆ ನೊಗಕ್ಕೆ ಹೂಡ್ಬೋದಲ್ವಾ ಸಾರ್" ಎಂದ. ಹಂಟರ್‌ನ ಕಾಲದಲ್ಲಿ ಇಂಗ್ಲೆಂಡಿನಲ್ಲೂ ಇಂಥವನ್ನು ಎತ್ತಿನ ಜೊತೆ ಹೂಡುತ್ತಿದ್ದರು. ಅಜ್ಜಿ ಸಿಡಿಯಿತು: "ಹೆಣ್ಣಿನ ಕುತ್ತಿಗೆ ಮ್ಯಾಲೆ ನೊಗ ಇಡ್ತೀಯೇನ್ಲಾ?" ಮಗ ನನ್ನ ಕಡೆ ಕೈ ತೋರಿಸಿ, "ಹೆಣ್ಣೇ ಅಲ್ಲ ಅಂತ ಡಾಕ್ಟ್ರೇ ಹೇಳಿದ್ರಲ್ಲವ್ವಾ" ಎಂದ. ನಾನು ಹಾಗೆ ಹೇಳಿರಲಿಲ್ಲ. ಗರ್ಭಕೋಶ ಇಲ್ಲ ಎಂದಿದ್ದೆ.

ಈ ಎರಡು ಮಾತುಗಳ ನಡುವಿನ ಜಾಗದಲ್ಲೇ ಪಠ್ಯಪುಸ್ತಕವೂ ಜಾರುವುದು. ನ್ಯಾಯಶಾಸ್ತ್ರದಲ್ಲಿ ಅಭಾವ ಒಂಟಿಯಾಗಿ ಇರುವುದಿಲ್ಲ. ಪ್ರತಿ ಅಭಾವಕ್ಕೂ ಒಂದು ಪ್ರತಿಯೋಗಿ ಬೇಕು, ಯಾವುದು ಇಲ್ಲವೋ ಅದು. ನೆಲದ ಮೇಲೆ ಗಡಿಗೆ ಇಲ್ಲ ಎನ್ನಬೇಕಾದರೆ ಗಡಿಗೆ ಮೊದಲು ಮನಸ್ಸಿನಲ್ಲಿರಬೇಕು. ಅದೇ ನೆಲದ ಮೇಲೆ ಆನೆಯೂ ಇಲ್ಲ, ಅರಮನೆಯೂ ಇಲ್ಲ. ಅದನ್ನು ಯಾರೂ ಹೇಳುವುದಿಲ್ಲ, ಯಾಕೆಂದರೆ ಯಾರೂ ಅವನ್ನು ಹುಡುಕಿಕೊಂಡು ಬಂದಿರಲಿಲ್ಲ. ಹೆಣ್ಣುಭ್ರೂಣದಲ್ಲಿ ಎಎಂಎಚ್ ಇಲ್ಲ ಎಂಬುದು ನಿಜ. ಆದರೆ ಇಲ್ಲದ ಸಾವಿರ ವಸ್ತುಗಳಲ್ಲಿ ಅದೊಂದನ್ನೇ ಆರಿಸಿ, ಹೆಣ್ಣೆಂದರೆ ಆ ಇಲ್ಲವೇ ಎಂದು ಬರೆದವನ ಮನಸ್ಸಿನಲ್ಲಿ ಮೊದಲೇ ಗಂಡು ಕೂತಿತ್ತು. ಗಂಡಾಗಲಾರದೆ ಉಳಿದದ್ದೇ ಹೆಣ್ಣು ಎಂದ ಅರಿಸ್ಟಾಟಲ್‌ಗೂ ಇವನಿಗೂ ನಡುವೆ ಎರಡು ಸಾವಿರ ವರ್ಷದ ಮೇಲಿದೆ. ನೋಟ ಅಷ್ಟೇನೂ ಸರಿದಿಲ್ಲ. ಚರಕಸಂಹಿತೆ ಶುಕ್ರ ಹೆಚ್ಚಾದರೆ ಗಂಡು, ರಕ್ತ ಹೆಚ್ಚಾದರೆ ಹೆಣ್ಣು ಎನ್ನುತ್ತದೆ. ಶರೀರಶಾಸ್ತ್ರವಾಗಿ ಅದು ತಪ್ಪು. ಆದರೆ ಹೆಣ್ಣಿಗೂ ಒಂದು ಇರುವಿಕೆಯನ್ನೇ ಕಾರಣ ಕೊಟ್ಟಿತಲ್ಲ ಎಂದು ಒಂದು ಕ್ಷಣ ಖುಷಿಯಾಗುತ್ತದೆ. ಅದೇ ಸಂಹಿತೆ, ಭ್ರೂಣದ ಲಿಂಗ ವ್ಯಕ್ತವಾಗುವ ಮೊದಲೇ ಪುಂಸವನ ಮಾಡಿ ಗಂಡನ್ನೇ ಪಡೆಯಿರಿ ಎಂದು ವಿಧಿಸುವುದನ್ನು ಓದಿದ ಮೇಲೆ ಖುಷಿ ಇಳಿಯುತ್ತದೆ. ನಮ್ಮವರಿಗೆ ಎಲ್ಲ ಮೊದಲೇ ಗೊತ್ತಿತ್ತು ಎಂದು ಎದೆ ತಟ್ಟಿಕೊಳ್ಳುವ ಭಾಷಣಕಾರರು ಈ ಎರಡನ್ನೂ ಒಟ್ಟಿಗೆ ಓದಿದರೆ ಒಳ್ಳೆಯದು.

ಮೀಮಾಂಸಕರ ಶಕ್ತಿಯ ಪಕ್ಷಕ್ಕೂ ಸಾಕ್ಷಿ ಬರತೊಡಗಿತು. ಎಎಂಎಚ್‌ನ ಜೀನು ಸಿಕ್ಕ ಅದೇ 1986ರಲ್ಲಿ ಈವಾ ಐಕರ್ ಮತ್ತು ಲಿಂಡಾ ವಾಷ್‌ಬರ್ನ್ ಎಂಬ ಇಬ್ಬರು ತಳಿವಿಜ್ಞಾನಿಗಳು, ಅಂಡಾಶಯ ಆಗುವುದೂ ವೃಷಣ ಆಗುವಷ್ಟೇ ಜೀನುಗಳ ದುಡಿಮೆ, ಅದನ್ನು ಯಾಕೆ ಯಾರೂ ಹುಡುಕುತ್ತಿಲ್ಲ ಎಂದು ತಕರಾರು ಎತ್ತಿದ್ದರು. ಹುಡುಕಿದರೆ ಸಿಕ್ಕಿತು. ಡಬ್ಲ್ಯುಎನ್‌ಟಿ4 ಎಂಬ ಜೀನು ಇಲ್ಲದ ಇಲಿಯಲ್ಲಿ ಮುಲ್ಲರ್ ನಾಳ ಹುಟ್ಟುವುದೇ ಇಲ್ಲ. ಮಣಿ ಇಲ್ಲ, ಆದರೆ ಬೆಂಕಿಯೂ ಇಲ್ಲ. ನಾಲ್ಕೈದು ಸಾವಿರ ಹೆಣ್ಣುಮಕ್ಕಳಲ್ಲಿ ಒಬ್ಬಳು ಅಂಡಾಶಯವೆಲ್ಲ ಸರಿಯಿದ್ದೂ ಗರ್ಭಕೋಶವಿಲ್ಲದೆ ಹುಟ್ಟುತ್ತಾಳೆ. ಸುಮ್ಮನೆ ಬಿಟ್ಟರೆ ಗರ್ಭಕೋಶ ಆಗುತ್ತದೆ ಎನ್ನುವುದಾದರೆ ಅವಳಿಗೆ ಯಾಕೆ ಆಗಲಿಲ್ಲ? 2009ರಲ್ಲಿ ಇನ್ನೊಂದು ಬಂತು: ಬೆಳೆದ ಹೆಣ್ಣಿಲಿಯ ಅಂಡಾಶಯದಲ್ಲಿ ಫಾಕ್ಸ್‌ಎಲ್2 ಎಂಬ ಜೀನನ್ನು ಸುಮ್ಮನಾಗಿಸಿದಾಗ ಅಲ್ಲಿನ ಕೋಶಗಳು ಸರ್ಟೋಲಿ ಕೋಶಗಳ ಹಾಗೆ ಬದಲಾಗತೊಡಗಿದವು. ಎರಡು ವರ್ಷದ ನಂತರ ಇದರ ತಿರುಗುಮುರುಗನ್ನು ವೃಷಣದಲ್ಲಿ ತೋರಿಸಿದರು. ಎರಡೂ ಕಡೆ ಪ್ರತಿಬಂಧಕ, ಎರಡೂ ಕಡೆ ಶಕ್ತಿ, ಅದೂ ಹುಟ್ಟಿದ ದಿನಕ್ಕೆ ಮುಗಿಯದೆ ಬದುಕಿನುದ್ದಕ್ಕೂ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 2017ರ ಪ್ರಯೋಗ. ಹೆಣ್ಣುಭ್ರೂಣದಲ್ಲಿ ವೂಲ್ಫ್ ನಾಳ ಟೆಸ್ಟೋಸ್ಟಿರಾನ್ ಸಿಗದೆ ತಾನಾಗಿ ಸೊರಗಿಹೋಗುತ್ತದೆ ಎಂದು ನಾವು ಓದಿದ್ದೆವು. ಹಂಫ್ರಿ ಯಾವ್ ಅವರ ತಂಡ ಹೆಣ್ಣಿಲಿ ಭ್ರೂಣದಲ್ಲಿ ಆ ನಾಳದ ಸುತ್ತಲಿನ ಅಂಗಾಂಶದಿಂದ ಕೂಪ್-ಟಿಎಫ್2 ಎಂಬ ಪ್ರೋಟೀನನ್ನು ತೆಗೆದುಹಾಕಿತು. ಟೆಸ್ಟೋಸ್ಟಿರಾನ್ ಇಲ್ಲದಿದ್ದರೂ ನಾಳ ಉಳಿಯಿತು. ಒಂದೇ ಮೈಯಲ್ಲಿ ಎರಡೂ ಜೊತೆ. ಸೊರಗುವುದಲ್ಲ, ಸೊರಗಿಸುವುದು. ಈಗ ಬೇಕಾದರೆ ಪಠ್ಯಪುಸ್ತಕದ ಸಾಲನ್ನು ತಿರುಗಿಸಿ ಬರೆಯಬಹುದು: ಹೆಣ್ಣು ಮಾಡುವ ಕೆಲಸ ನಡೆಯದಿದ್ದರೆ ಗಂಡಿನ ನಾಳ ಉಳಿಯುತ್ತದೆ. ಅದೂ ಅರ್ಧಸತ್ಯವೇ. ಆದರೆ ಅದನ್ನು ಯಾರೂ ಪರೀಕ್ಷೆಗೆ ಬರೆಸುವುದಿಲ್ಲ.

ಬೆಂಕಿ-ಮಣಿಯ ವಾದಕ್ಕೆ ಇನ್ನೊಂದು ತೊಡಕನ್ನು ಮನುಷ್ಯರ ಆಸ್ಪತ್ರೆಗಳು ಒದಗಿಸಿವೆ. ಅಂಡವಾಯುವಿಗೋ ಇಳಿಯದ ಬೀಜಕ್ಕೋ ಶಸ್ತ್ರಚಿಕಿತ್ಸೆ ಮಾಡುವಾಗ, ಎಲ್ಲ ರೀತಿಯಲ್ಲೂ ಗಂಡಸಾದವನ ಹೊಟ್ಟೆಯೊಳಗೆ ಒಂದು ಗರ್ಭಕೋಶ, ಎರಡು ಗರ್ಭನಾಳ ಕಾಣಸಿಗುವುದುಂಟು. ಅಪರೂಪ, ಆದರೆ ಉಂಟು. ಕೆಲವರಲ್ಲಿ ಎಎಂಎಚ್‌ನ ಜೀನೇ ಕೆಟ್ಟಿರುತ್ತದೆ. ಅದು ಮಣಿಯೇ ಇಲ್ಲದ ಪ್ರಸಂಗ, ನೈಯಾಯಿಕನಿಗೆ ಸುಲಭ. ಇನ್ನು ಕೆಲವರ ರಕ್ತದಲ್ಲಿ ಎಎಂಎಚ್ ಸರಿಯಾಗಿಯೇ ಇರುತ್ತದೆ, ಗ್ರಾಹಿಯ ಜೀನು ಕೆಟ್ಟಿರುತ್ತದೆ. ಮಣಿ ಪಕ್ಕದಲ್ಲೇ ಇದೆ, ಬೆಂಕಿ ಸುಡುತ್ತಿದೆ! ಮಣಿ ಇದ್ದೂ ಸುಡುವ ಪ್ರಸಂಗಕ್ಕೆ ಹಳಬರು ಉತ್ತೇಜಕ ಎಂಬ ಇನ್ನೊಂದು ಮಣಿಯನ್ನು ಕಲ್ಪಿಸಿಕೊಂಡಿದ್ದರು. ಇಲ್ಲಿ ಹೆಚ್ಚಿನದೇನೂ ಬಂದಿಲ್ಲ, ಒಂದು ಕಿವಿ ಇಲ್ಲ ಅಷ್ಟೆ. ಹಾಗಾದರೆ ಪ್ರತಿಬಂಧಕವೆಂದರೆ ಹಾರ್ಮೋನು ಎಂಬ ವಸ್ತುವಲ್ಲ. ಹೇಳುವವ, ಕೇಳುವವ, ಗಡುವು ಮೂರೂ ಕೂಡಿದ ಸಂಬಂಧ. ಮಾವ ಇದನ್ನು ಕೇಳಿ ಬಹಳ ಹೊತ್ತು ಸುಪಾರಿ ಕತ್ತರಿಸುತ್ತ ಕೂತಿದ್ದರು. ಆಮೇಲೆ, "ನಮ್ಮ ಪಟ್ಟಿಯಲ್ಲಿ ಶಕ್ತಿಯೂ ಒಂದು ಪದಾರ್ಥ, ಅಭಾವವೂ ಒಂದು ಪದಾರ್ಥ. ನೈಯಾಯಿಕರ ಏಳು ಸಾಲದೆಂದೇ ನಮ್ಮವರು ಹತ್ತು ಇಟ್ಟುಕೊಂಡದ್ದು" ಎಂದರು. ದ್ವೈತಿಗಳ ದಶಪದಾರ್ಥಕ್ಕೆ ಗರ್ಭಕೋಶದಿಂದ ಸಾಕ್ಷಿ ಸಿಕ್ಕ ಸಂತೋಷ ಅವರ ಮುಖದಲ್ಲಿತ್ತು. ನಾನು ಅಷ್ಟು ದೂರ ಹೋಗಲಾರೆ. ಪಟ್ಟಿಯಲ್ಲಿ ಎರಡಕ್ಕೂ ಜಾಗ ಬೇಕು ಎಂಬಷ್ಟಕ್ಕೆ ಒಪ್ಪುತ್ತೇನೆ.

ಒಂದು ಎಚ್ಚರ ಹೇಳಲೇಬೇಕು. ಕಡಸಿನ ವಿಷಯವನ್ನು ಎತ್ತಿ ಮನುಷ್ಯರ ಮೇಲೆ ಇಡಬಾರದು. ತನ್ನನ್ನು ಗಂಡೆಂದೋ ಹೆಣ್ಣೆಂದೋ ಎರಡೂ ಅಲ್ಲವೆಂದೋ ಅರಿತುಕೊಳ್ಳುವುದು ಮುಲ್ಲರ್ ನಾಳದ ಕೆಲಸವಲ್ಲ. ಹೊಟ್ಟೆಯಲ್ಲಿ ಗರ್ಭಕೋಶವಿದ್ದ ಆ ಗಂಡಸು ಗಂಡಸೇ, ಗರ್ಭಕೋಶವಿಲ್ಲದೆ ಹುಟ್ಟಿದ ಆ ಹೆಣ್ಣು ಹೆಣ್ಣೇ. ಇದನ್ನು ಹೇಳಲು ನನ್ನ ಕೈಗವಸು ಬೇಡ.

ಕಡಸನ್ನು ಕೊನೆಗೂ ನೊಗಕ್ಕೆ ಹೂಡಲಿಲ್ಲ. ಅಜ್ಜಿ ಇರುವವರೆಗೆ ಆ ಮಾತು ಏಳುವಂತಿರಲಿಲ್ಲ. ಸಂಕ್ರಾಂತಿಗೆ ಉಳಿದ ದನಗಳ ಜೊತೆ ಅದಕ್ಕೂ ಅರಿಸಿನ ಹಚ್ಚಿ ಕಿಚ್ಚು ಹಾಯಿಸಿದರಂತೆ. ಯಾರದೋ ಗೃಹಪ್ರವೇಶಕ್ಕೆ ಹಸು ಕೇಳಿಕೊಂಡು ಬಂದಾಗ ಮಾತ್ರ ಅಜ್ಜಿಯೇ, ಕರು ಹಾಕಿದ್ದನ್ನು ಕರೆದುಕೊಂಡು ಹೋಗಿ ಎಂದು ಪಕ್ಕದ ಗೂಟ ತೋರಿಸಿತಂತೆ. ಅಜ್ಜಿಯ ಲೆಕ್ಕದಲ್ಲಿ ಅದು ನೊಗಕ್ಕೆ ಹೆಣ್ಣು, ಗೃಹಪ್ರವೇಶಕ್ಕೆ ಅಲ್ಲ. ಅದರಲ್ಲಿ ವಿರೋಧವಿದೆ ಎಂದು ಅಜ್ಜಿಗೆ ಅನ್ನಿಸಲಿಲ್ಲ. ನನಗೂ ಈಗೀಗ ಹಾಗನ್ನಿಸುವುದಿಲ್ಲ. ಪ್ರಶ್ನೆ ಬದಲಾದರೆ ಪ್ರತಿಯೋಗಿಯೂ ಬದಲಾಗುತ್ತದೆ.

ಹೋದ ವರ್ಷ ಅಣ್ಣನ ಮಗಳು ಬೆಂಗಳೂರಿನಿಂದ ಬಂದಾಗ ಒಂದು ಲ್ಯಾಬ್ ರಿಪೋರ್ಟ್ ತಂದಿದ್ದಳು. ಎಎಂಎಚ್, ಅದರ ಮುಂದೆ ಒಂದು ಸಣ್ಣ ಅಂಕಿ, ಪಕ್ಕದಲ್ಲಿ ಕಡಿಮೆ ಎಂಬ ಗುರುತು. ಭ್ರೂಣದಲ್ಲಿ ಗರ್ಭಕೋಶವನ್ನು ಅಳಿಸುವ ಅದೇ ಹಾರ್ಮೋನನ್ನು ಬೆಳೆದ ಹೆಣ್ಣಿನ ಅಂಡಾಶಯದ ಎಳೆಯ ಕೋಶಿಕೆಗಳು ತಾವೇ ತಯಾರಿಸುತ್ತವೆ. ಅದಕ್ಕೇ ಇವತ್ತು ಮಕ್ಕಳ ಚಿಂತೆ ಹೊತ್ತ ಪ್ರತಿ ಹೆಣ್ಣಿನ ಕೈಯಲ್ಲೂ ಈ ರಿಪೋರ್ಟ್. "ಚಿಕ್ಕಪ್ಪ, ನನ್ನಲ್ಲಿ ಏನೋ ಇಲ್ಲ ಅಂತಲ್ವಾ ಇದರರ್ಥ?" ಎಂದಳು. ಆ ಅಂಕಿ ಉಳಿದಿರುವ ಕೋಶಿಕೆಗಳ ಒಂದು ಅಂದಾಜು ಮಾತ್ರ, ಈ ತಿಂಗಳು ಗರ್ಭ ನಿಲ್ಲುತ್ತದೋ ಇಲ್ಲವೋ ಎಂಬ ಭವಿಷ್ಯವಲ್ಲ, ಉಳಿದದ್ದನ್ನು ನಿನ್ನ ಡಾಕ್ಟರ ಹತ್ತಿರವೇ ಕೇಳು, ನಾನು ದನದ ಡಾಕ್ಟರು ಎಂದೆ. ಜೊತೆಗೆ, ನೀನು ಅಮ್ಮನ ಹೊಟ್ಟೆಯಲ್ಲಿದ್ದಾಗ ಇದು ಇಲ್ಲದ್ದಕ್ಕೆ ನಿನಗೆ ಗರ್ಭಕೋಶ ಉಳಿಯಿತು ಎಂದೂ ಹೇಳಿದೆ. ಅವಳು ರಿಪೋರ್ಟನ್ನು ಮತ್ತೊಮ್ಮೆ ನೋಡಿದಳು. "ಅಂದರೆ ಆಗ ಇರಬಾರದಿತ್ತು, ಈಗ ಇರಬೇಕಿತ್ತು. ಒಟ್ಟಿನಲ್ಲಿ ಎರಡು ಸಲವೂ ಲೆಕ್ಕ ಕೊಡಬೇಕಾದವಳು ನಾನೇ" ಎಂದು ಕಾಗದ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಅವಳ ಗಂಡನಿಗೆ ಇನ್ನೂ ಯಾರೂ ಯಾವ ಪರೀಕ್ಷೆಯನ್ನೂ ಬರೆದುಕೊಟ್ಟಿರಲಿಲ್ಲ.